ಪಾರ್ಕಿಗೆ ಬಿಟ್ಟ ಮೂಲೆ

ಶಹಾಪುರದಲ್ಲಿ ಪ್ಲಾಟು ಕೊಂಡವರು ನನ್ನ ಅಂಗಡಿಗೆ ಬಂದ ಕೂಡಲೇ ಕೇಳುವುದು ವಾಸ್ತು. ಬಾಗಿಲು ಯಾವ ದಿಕ್ಕಿಗೆ, ದೇವರ ಜಗಲಿ ಯಾವ ಮೂಲೆಗೆ, ಬೋರು ಎಲ್ಲಿ ಹೊಡೆಸಬೇಕು. ಕೊಳ್ಳುವ ಮುಂಚೆ ಒಂದು ದೊಡ್ಡ ಮಳೆ ಬಿದ್ದ ಮರುದಿನ ಹೋಗಿ ಆ ಜಾಗದಲ್ಲಿ ನಿಂತು ಬಂದಿದ್ದೀರಾ ಎಂದರೆ ನನ್ನ ಮುಖ ನೋಡುತ್ತಾರೆ. ರಸ್ತೆಗಿಂತ ಮನೆಯ ತಳ ಎಷ್ಟು ಮೇಲಿರಬೇಕು ಎಂದು ವಿಚಾರಿಸಿದ್ದೀರಾ ಎಂದರೆ, 'ಮೇಸ್ತ್ರಿ ನೋಡ್ಕೋತಾನ ಬಿಡ್ರಿ' ಅನ್ನುತ್ತಾರೆ. ಹಳೆಯ ರಸ್ತೆಯನ್ನು ಕೀಳದೆ ಅದರ ಮೇಲೆಯೇ ಹೊಸ ಸಿಮೆಂಟು ಸುರಿದು ಹೋಗುವ ಊರು ಇದು. ಇಲ್ಲಿ ರಸ್ತೆ ಬೆಳೆಯುತ್ತದೆ, ಮನೆ ಬೆಳೆಯುವುದಿಲ್ಲ. ಆಮೇಲೆ ಅಡಿಗೆಮನೆಗೆ ನೀರು ನುಗ್ಗಿದಾಗ ನಕ್ಷೆ ಬರೆದವಳನ್ನು ಬೈಯುತ್ತಾರೆ. ನಕ್ಷೆ ಬರೆಯುವವಳು ನಾನು, ಸೌಭಾಗ್ಯ. ನಗರಸಭೆಯ ಎದುರು ನನ್ನ ಅಂಗಡಿ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಕಂಡಕಂಡವರಿಗೆ ಹೇಳುತ್ತಾನೆ. ಸುಳ್ಳೇನಲ್ಲ.

ಆದರೆ ಈಗ ಹೇಳಹೊರಟದ್ದು ನನ್ನ ಗಿರಾಕಿಗಳ ಮಾತಲ್ಲ. ಕಾಂತೇಶನದು, ಅವನ ತಾಯಿ ಹಣಮಮ್ಮನದು.

ಕಾಂತೇಶ ಪಾಲಿಟೆಕ್ನಿಕ್ಕಿನಲ್ಲಿ ನನಗಿಂತ ಕೆಳಗಿನ ತರಗತಿಯಲ್ಲಿದ್ದವನು. ಆಗಿನಿಂದಲೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾನೆ. ಪಕ್ಕದ ಊರು ಸಗರದ ಕೇರಿಯವನು. ತಂದೆ ಮರಿಲಿಂಗಪ್ಪ ಹತ್ತಿ ಹೊಲದಲ್ಲಿ ಕೂಲಿ ಮಾಡುತ್ತಲೇ ತೀರಿಹೋದ. ತಾಯಿ ಕೂಲಿ ಮಾಡುತ್ತಲೇ ಮಗನನ್ನು ಓದಿಸಿದಳು. ಓದಿ ಅವನು ವಿಶ್ವರಾಧ್ಯ ಸಾವಕಾರರ ಹತ್ತಿರ ಸೈಟ್ ಇಂಜಿನಿಯರ್ ಆದ. ಸಾವಕಾರರಿಗೆ ಶಹಾಪುರದಲ್ಲಿ ಬಟ್ಟೆ ಅಂಗಡಿ, ಸಗರದ ಅಂಚಿಗೆ ಅಜ್ಜನ ಕಾಲದ ಎರೆ ಹೊಲ. ಆ ಹೊಲದಲ್ಲಿ ಹತ್ತಿ ಬೆಳೆಯುವುದಕ್ಕಿಂತ ಪ್ಲಾಟು ಬೆಳೆಯುವುದು ಲಾಭವೆಂದು ಅವರಿಗೆ ಹೊಳೆದದ್ದು ತಡವಾಗಿ, ಹೊಳೆದ ಮೇಲೆ ತಡ ಮಾಡಲಿಲ್ಲ. ನೆಲದ ಲೆವೆಲ್ ತೆಗೆಯುವುದು, ರಸ್ತೆ, ಗಟಾರ ನೋಡಿಕೊಳ್ಳುವುದು ಕಾಂತೇಶನ ಪಾಲಿಗೆ ಬಂತು. ಲೇಔಟಿನ ನಕ್ಷೆ ನನ್ನ ಪಾಲಿಗೆ ಬಂತು.

ಒಂದು ಮಧ್ಯಾಹ್ನ ಅವನು ಲೆವೆಲ್ ಹಾಳೆಗಳನ್ನು ತಂದು ನನ್ನ ಮೇಜಿನ ಮೇಲೆ ಹರಡಿದ. ಹೊಲ ಪೂರ್ತಿ ಒಂದೇ ಕಡೆಗೆ ಇಳಿಯುತ್ತದೆ. ಎಲ್ಲಕ್ಕಿಂತ ತಗ್ಗಾದ ಮೂಲೆ ಅವರ ಕೇರಿಯ ಬೆನ್ನಿಗೇ ಇದೆ. ಆ ಮೂಲೆಯ ಮೇಲೆ ಇಟ್ಟ ಬೆರಳನ್ನು ತೆಗೆಯಲಿಲ್ಲ.

"ಏನಾತೋ ತಮ್ಮಾ?"

"ಅಕ್ಕಾರ, ಈ ಮೂಲ್ಯಾಗ ನಮ್ಮ ಮಂದಿ ಅದಾರ್ರಿ."

"ಯಾವ ಮಂದಿ? ಗುಡಿಸಲಾ ಹಾಕ್ಯಾರೇನು?"

"ಗುಡಿಸಲಲ್ರಿ. ಕೆಳಗ ಅದಾರ. ನಮ್ಮಪ್ಪನೂ ಅಲ್ಲೇ ಅದಾನ."

ನಾನು ಆ ಹೊಲಕ್ಕೆ ಹೋಗಿ ನೋಡಿ ಬಂದವಳೇ. ಅಲ್ಲಿ ಒಂದು ಕಲ್ಲಿಲ್ಲ, ಕಟ್ಟೆಯಿಲ್ಲ, ಜಾಲಿ ಗಿಡ, ಅಂಚಿಗೊಂದು ಬೇವಿನ ಮರ ಬಿಟ್ಟರೆ ಏನೂ ಇಲ್ಲ. ಕಾಂತೇಶ ಹೇಳಿದ ಮೇಲೆ ಗೊತ್ತಾಯಿತು. ಸಾವಕಾರರ ಅಜ್ಜ ಯಾವ ಕಾಲದಲ್ಲೋ ಬೆಳೆ ಬಾರದ ಆ ಮೂಲೆಯನ್ನು ಕೇರಿಯವರಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದನಂತೆ: ನಿಮ್ಮವರಿಗೆ ಮಣ್ಣು ಕೊಟ್ಟುಕೊಳ್ಳಿರಿ, ಆದರೆ ಕಲ್ಲು ನೆಡಬೇಡಿರಿ, ಕಟ್ಟೆ ಕಟ್ಟಬೇಡಿರಿ. ಕೇರಿಯವರು ಆ ಮಾತನ್ನು ತಲೆಮಾರುಗಟ್ಟಲೆ ಮೀರಲಿಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ಎರಡು ಮಳೆಗಾಲ ಕಳೆದರೆ ಗುಂಡಿಯ ಗುರುತೂ ಉಳಿಯುವುದಿಲ್ಲ. ಆ ಬೇವಿನ ಮರದಿಂದ ಹೆಜ್ಜೆ ಎಣಿಸಿಕೊಂಡು ಹೋಗಿ ಮನೆಮನೆಯವರು ತಮ್ಮವರನ್ನು ಗುರುತಿಸುತ್ತಾರೆ. ಹೊರಗಿನವರು ಕೇಳಿದರೆ 'ಹಾಳು ಹೊಲ' ಅನ್ನಬೇಕೆಂದು ಮಕ್ಕಳಿಗೂ ಕಲಿಸಿದ್ದಾರೆ.

ಹೊಲವನ್ನು ಎನ್.ಎ. ಮಾಡಿಸುವ, ಅಂದರೆ ಬೇಸಾಯದಿಂದ ಬಿಡಿಸಿ ಮನೆ ಕಟ್ಟಲು ಒಪ್ಪಿಗೆ ಪಡೆಯುವ ಮುಂಚೆ ಕಂದಾಯದವರು ಸ್ಥಳ ನೋಡಲು ಬಂದಿದ್ದರು. ಕೇರಿಯ ಹಿರಿಯರನ್ನೇ ಕರೆದು, ಇಲ್ಲಿ ಗುಡಿ, ಗೋರಿ, ಸುಡುಗಾಡು ಏನಾದರೂ ಇದೆಯೇ ಎಂದು ಕೇಳಿದರು. ಕಾಂತೇಶನ ಕಾಕಾ ದೇವಿಂದ್ರಪ್ಪ ಎಲ್ಲರ ಪರವಾಗಿ ಮುಂದೆ ಬಂದು 'ಏನೂ ಇಲ್ರಿ' ಅಂದ. ಲೆವೆಲ್ ಯಂತ್ರದ ಪಕ್ಕದಲ್ಲಿ ನಿಂತಿದ್ದ ಕಾಂತೇಶ ನೆಲ ನೋಡುತ್ತ ನಿಂತ.

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಬಾಯಾಗ ಏನ್ ಕಡಬು ತುರಕಿದ್ರೇನೋ? ಕೇಳಾಕಂತ ಬಂದವ್ರ ಮುಂದ ಹೇಳಬಾರದೇನು?"

"ಹೇಳಿದ್ರ ಕಾಗದ ತೋರ್ಸು ಅಂತಾರ್ರಿ. ಕಾಗದ ಎಲ್ಲೈತಿ? ಇಲ್ಲ ಅಂದ ಕೂಡ್ಲೇ ಬೇಲಿ ಬೀಳ್ತಿತ್ತು. ಇಷ್ಟು ವರ್ಷ ಉಳದದ್ದು ಹೇಳದ ಇದ್ದದ್ದಕ್ಕ, ಅಕ್ಕಾರ."

ಹಾಗಾದರೆ ಸಾವಕಾರರಿಗೇ ಹೇಳು ಅಂದೆ. ಅವರಿಗೆ ಗೊತ್ತಿರಲಿಕ್ಕೂ ಸಾಕು ಅಂದ. ಅದೂ ನಿಜವೇ ಇರಬೇಕು. ಗೊತ್ತಿಲ್ಲದವನಿಗೆ ತಿಳಿಹೇಳಬಹುದು, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವವನಿಗೆ ಯಾರು ಹೇಳುತ್ತಾರೆ?

ಆಗ ಕಾಂತೇಶ ತನ್ನ ಉಪಾಯ ಬಿಚ್ಚಿದ. ಲೇಔಟಿನಲ್ಲಿ ಇಂತಿಷ್ಟು ಜಾಗ ಪಾರ್ಕಿಗೆ ಬಿಡಲೇಬೇಕು, ಅದು ಕಾನೂನು. ಆ ಪಾರ್ಕನ್ನು ಈ ಮೂಲೆಗೇ ಹಾಕಿಬಿಟ್ಟರೆ ಅಲ್ಲಿ ಯಾರೂ ಪಾಯ ತೋಡುವುದಿಲ್ಲ, ಯಾರೂ ಮನೆ ಕಟ್ಟುವುದಿಲ್ಲ. ಮಲಗಿದವರು ಮಲಗಿಯೇ ಇರುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಮತ್ತ ಮುಂದ ಸಾಯೋರನ್ನ ಎಲ್ಲಿ ಇಡ್ತೀರೋ? ಪಾರ್ಕಿನ್ಯಾಗ ಬಿಡ್ತಾರೇನು?"

"ನಮ್ಮ ಜಿಲ್ಲಾದಾಗ ಯಾವ ಲೇಔಟಿನ ಪಾರ್ಕ ಪಾರ್ಕ ಆಗೈತ್ರಿ, ಅಕ್ಕಾರ? ಬೋರ್ಡ್ ಬರ್ತೈತಿ, ಜಾಲಿ ಬೆಳೀತೈತಿ. ನಮ್ಮವ್ವನ ಕಾಲ ಮುಗಿಯೋತನ ಯಾರೂ ತಿರುಗಿ ನೋಡೂದಿಲ್ಲ."

ನಾನು ನಕ್ಕುಬಿಟ್ಟೆ. ಶಹಾಪುರ, ಸುರಪುರ, ಯಾದಗಿರಿ ಎಲ್ಲ ಕಡೆ ನಾನು ಬರೆದ ಪಾರ್ಕುಗಳಿವೆ. ಹಂದಿಗಳ ಹೊರತು ಅಲ್ಲಿ ವಾಯುವಿಹಾರಕ್ಕೆ ಬಂದವರನ್ನು ಕಂಡಿಲ್ಲ. ಹುಡುಗ ಲೆಕ್ಕ ಹಾಕಿಯೇ ಮಾತಾಡುತ್ತಿದ್ದ. ನಕ್ಷೆಯಲ್ಲಿ ಆ ಮೂಲೆಗೆ ಹಸಿರು ಬಣ್ಣ ತುಂಬಿದೆ. ಸಾವಕಾರರು ನೋಡಿ ಖುಷಿಪಟ್ಟರು. "ಚಲೋ ಮಾಡೀರಿ. ಆ ತೆಗ್ಗಿನ್ಯಾಗ ಪ್ಲಾಟ್ ಯಾವ ಹುಚ್ಚ ತಗೋತಿದ್ದ?" ಅಂದರು.

ಮರುವಾರ ಹಣಮಮ್ಮ ನನ್ನ ಅಂಗಡಿಗೆ ಬಂದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಿದ್ದಳು. ಒಣಗಿದ ಮುದುಕಿ, ಮಾತು ಮಾತ್ರ ಹಸಿ ಮೆಣಸಿನಕಾಯಿ. ಕುರ್ಚಿ ಕೊಟ್ಟರೂ ಕೂರದೆ ನಕ್ಷೆಯ ಮೇಲೆ ಬಾಗಿ, "ಎಲ್ಲಿ ಅದಾನ ತೋರ್ಸವ್ವಾ" ಅಂದಳು. ಹಸಿರು ಮೂಲೆ ತೋರಿಸಿದೆ.

"ನನಗೂ ಜಾಗ ಐತಿಲ್ಲ ಅದರಾಗ?"

"ಐತೆವ್ವಾ. ಬೇಕಾದಷ್ಟು ಐತಿ."

"ಬೇಕಾದಷ್ಟು ತಗೊಂಡು ಏನ್ ಮಾಡ್ಲಿ? ಅವನ ಬಾಜೂಕ ಒಂದು ಮೈ ಹಿಡಿಯೋವಷ್ಟು ಸಾಕು. ನನಗ ಹೇಳದ ಕೇಳದ ಹೋಗ್ಯಾನ ಅವ. ಮುಂಜಾನಿ ರೊಟ್ಟಿ ಕಟಗೊಂಡು ಹೋದಾಂವ ಸಂಜಿಗೆ ಬಂಡ್ಯಾಗ ಮಲಗಿ ಬಂದ. ಅವನಿಗೆ ಬೈಯೂದು ಇನ್ನಾ ಬಾಳ ಉಳದೈತಿ. ಅಲ್ಲಿ ಹೋಗಿ ಮುಗಿಸ್ತೇನಿ."

ನಗುತ್ತಲೇ ಹೇಳಿದಳು. ಹೋಗುವಾಗ ಆ ಹಸಿರು ಬಣ್ಣವನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಬರೆದ ನಕ್ಷೆಯನ್ನು ಯಾರೂ ಕಣ್ಣಿಗೊತ್ತಿಕೊಂಡಿರಲಿಲ್ಲ. ಅವತ್ತು ನನಗೆ ಬಹಳ ಸಂತೋಷವಾಗಿತ್ತು, ಮುಚ್ಚಿಡುವುದೇಕೆ.

ನಕ್ಷೆ ಯಾದಗಿರಿಯ ಜಿಲ್ಲಾ ಕಚೇರಿಗೆ ಹೋಯಿತು, ಮಂಜೂರಾಗಿ ಬಂತು. ಬರುವಾಗ ಒಂದು ಷರತ್ತನ್ನು ಹೊತ್ತು ತಂದಿತ್ತು. ಲೇಔಟಿನ ಎಲ್ಲ ರಸ್ತೆಗಳ ಮಳೆನೀರನ್ನು ಹೊರಗೆ ಬಿಡಕೂಡದು. ಎಲ್ಲಕ್ಕಿಂತ ತಗ್ಗಾದ ಪಾರ್ಕಿನಲ್ಲಿ ಹೊಂಡ ತೋಡಿ ಅಲ್ಲೇ ಇಂಗಿಸಬೇಕು. ಹೊಂಡ ಮುಗಿಯುವವರೆಗೆ ಒಂದು ಪ್ಲಾಟನ್ನೂ ಮಾರುವಂತಿಲ್ಲ.

ಈ ಷರತ್ತನ್ನು ಬೈಯೋಣವೆಂದರೆ ಬೈಯುವ ಹಾಗೂ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಮೇಲಿನ ಬೇರೆ ಲೇಔಟುಗಳ ನೀರೆಲ್ಲ ಸಗರದ ಕೇರಿಗೆ ನುಗ್ಗಿತ್ತು. ಕಾಂತೇಶನ ಹೆಂಡತಿ ಅನುರಾಧಾ ಆಗಷ್ಟೇ ಹೆತ್ತಿದ್ದಳು. ಕೂಸನ್ನು ಅಟ್ಟದ ಮೇಲೆ ಮಲಗಿಸಿ ತಾನು ಒಲೆಯೊಳಗಿನ ನೀರು ಬಳಿದಳು. ಆಮೇಲೆ ಕೂಸನ್ನು ಸೊಂಟಕ್ಕಿಟ್ಟುಕೊಂಡು ಕೇರಿಯ ಹೆಂಗಸರನ್ನೆಲ್ಲ ಕರೆದುಕೊಂಡು ಯಾದಗಿರಿಗೆ ಹೋಗಿ ಲೇಔಟು ಮಂಜೂರು ಮಾಡುವ ಸಾಹೇಬರ ಬಾಗಿಲಲ್ಲಿ ಕೂತಳು. ಇನ್ನು ಮುಂದೆ ಯಾವ ಲೇಔಟಿನ ನೀರೂ ನಿಮ್ಮ ಮನೆಗೆ ಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಆ ಸಾಹೇಬರು ಮಾತು ಕೊಟ್ಟಿದ್ದರು. ಕೊಟ್ಟ ಮಾತನ್ನು ಉಳಿಸಿಕೊಂಡರು. ಈ ಸೀಮೆಯಲ್ಲಿ ಒಬ್ಬ ಸಾಹೇಬ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದೂ ನಮ್ಮ ನಸೀಬಿಗೆ ಆ ಮೂಲೆಯಲ್ಲೇ ಮಾಡಬೇಕೇ?

ಕಾಂತೇಶ ಸುಮ್ಮನೆ ಕೂರಲಿಲ್ಲ. ಎರೆ ಮಣ್ಣಿನಲ್ಲಿ ನೀರು ಇಂಗುವುದಿಲ್ಲ, ಆದ್ದರಿಂದ ಅಲ್ಲಿ ಹೊಂಡ ತೋಡಿ ಉಪಯೋಗವಿಲ್ಲ ಎಂದು ಯಾದಗಿರಿಗೆ ಬರೆದ. ಮಾತು ಸರಿಯಾಗಿಯೇ ಇತ್ತು. ಎರೆ ಮಣ್ಣು ಒಮ್ಮೆ ನೆನೆದರೆ ನೀರನ್ನು ಕೆಳಗೆ ಬಿಡುವುದಿಲ್ಲ, ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ. ಅವರು ಒಪ್ಪಿದರು. ಒಪ್ಪಿ, ಹಾಗಾದರೆ ಎರೆ ಮಣ್ಣನ್ನು ಪೂರ್ತಿ ತೆಗೆದು ಕೆಳಗಿನ ನೀರು ಹೀರುವ ಗರಸು ಮಣ್ಣು, ಮುರುಮು, ಸಿಗುವವರೆಗೆ ಆಳವಾಗಿ ತೋಡಿರಿ ಎಂದು ಉತ್ತರ ಬರೆದರು. ಮೊದಲಿನ ಹೊಂಡ ಮಲಗಿದವರ ಮೇಲೆ ನಿಲ್ಲುತ್ತಿತ್ತು. ಈಗಿನದು ಅವರನ್ನು ದಾಟಿ ಕೆಳಗಿಳಿಯಬೇಕಾಯಿತು. ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಕಾಂತೇಶ ತಲೆ ಹಿಡಿದುಕೊಂಡು ಕೂತ.

ಹೊಂಡವನ್ನು ಮೇಲಕ್ಕೆ ಸರಿಸೋಣವೆಂದರೆ ನೀರು ದಿಬ್ಬ ಹತ್ತುವುದಿಲ್ಲ. ಪೈಪು ಹಾಕಿ ಹಳ್ಳಕ್ಕೆ ಒಯ್ಯೋಣವೆಂದರೆ ನಡುವೆ ಇನ್ನೊಬ್ಬರ ಹೊಲ, ಅವರು ಕಾಲಿಡಗೊಡಲಿಲ್ಲ. ಪಾರ್ಕಿನ ಮೂಲೆಗೆ ಮುರುಮು ಹಾಕಿ ಎತ್ತರಿಸಿದರೆ ನೀರು ಪಕ್ಕಕ್ಕೆ ತಿರುಗುತ್ತದೆ, ಪಕ್ಕದಲ್ಲಿರುವುದು ಕೇರಿ. ನಾವಿಬ್ಬರೂ ಕೂತು ಹಾಳೆಯ ಮೇಲೆ ಎಷ್ಟು ಗೆರೆ ಎಳೆದರೂ ನೀರು ಇಲ್ಲ ಆ ಮೂಲೆಗೆ ಬರುತ್ತಿತ್ತು, ಇಲ್ಲ ಅನುರಾಧಾಳ ಒಲೆಗೆ ಬರುತ್ತಿತ್ತು.

"ಈಗಾದ್ರೂ ಬಾಯಿ ಬಿಡೋ, ಮಾರಾಯಾ" ಅಂದೆ.

"ಯಾವ ಬಾಯಿಂದ್ರಿ? ಏನೂ ಇಲ್ಲಂತ ನಾವೇ ಹೇಳೇವಿ. ಈಗ ಐತಿ ಅಂದ್ರ ಸುಳ್ಳು ಹೇಳಿದ್ದಕ್ಕ ಕಾಕಾನ್ನ ಹಿಡೀತಾರ. ಐತಿ ಅನ್ನಾಕ ಅಗದು ತೋರಿಸಬೇಕು. ಅಗಿಯೂದು ಬ್ಯಾಡಂತನ ಅಲ್ಲೇನ್ರಿ ಇದೆಲ್ಲ?"

ಸಾವಕಾರರು ಬೆಳಿಗ್ಗೆ ಸಂಜೆ ಫೋನು ಮಾಡತೊಡಗಿದರು. ಮಳೆಗಾಲದೊಳಗೆ ಹೊಂಡ ಆಗಬೇಕು. ನೀನು ಮಾಡದಿದ್ದರೆ ಬೇರೆ ಇಂಜಿನಿಯರನ್ನು ಕರೆಯುತ್ತೇನೆ ಅಂದರು. ಬೇರೆಯವನು ಬಂದರೆ ಬೇವಿನ ಮರವನ್ನೂ ಉಳಿಸಲಾರ.

ನಾನು ಸಗರಕ್ಕೆ ಹೋದೆ. ಮನೆಯಲ್ಲಿ ಎಲ್ಲರೂ ಇದ್ದರು. ಅನುರಾಧಾ ಕೂಸಿಗೆ ಹಾಲು ಕುಡಿಸುತ್ತ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹೋದ ವರ್ಷದ ನೀರಿನ ಗೆರೆ ಆ ಗೋಡೆಯ ಮೇಲೆ ಇನ್ನೂ ಇತ್ತು. ದೇವಿಂದ್ರಪ್ಪ ಬಾಗಿಲಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ, ಯಾರ ಮುಖವನ್ನೂ ನೋಡಲಿಲ್ಲ. ಕಾಂತೇಶ ತಾಯಿಗೆ ಎಲ್ಲವನ್ನೂ ಹೇಳಿ ಮುಗಿಸಿದ್ದ.

ಹಣಮಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಅಂದಳು, "ಹೊಂಡ ತೋಡದಿದ್ರ ನೀರು ಇಲ್ಲಿ ಬರ್ತೈತಿ?"

"ಬರ್ತೈತೆವ್ವಾ" ಅಂದ ಕಾಂತೇಶ.

"ಕೂಸಿನ ತೊಟ್ಟಲತನ?"

ಅವನು ಗೋಡೆಯ ಮೇಲಿನ ನೀರಿನ ಗೆರೆಯ ಕಡೆ ನೋಡಿದ.

"ಮತ್ತ ಯಾಕ ಕುಂತೀಯೋ? ತೋಡು ಹೋಗು. ಸತ್ತಾರು ಮತ್ತೊಮ್ಮೆ ಸಾಯಂಗಿಲ್ಲ."

"ಅವ್ವಾ, ನಿನ್ನ ಜಾಗ..."

"ನನ್ನ ಜಾಗ ಏನ್ ಬಂಗಾರದ ಗಣೀ ಏನೋ? ಹೋಗ ಅಂದ್ರ ಹೋಗು."

ಅಷ್ಟು ಹೇಳಿ ಮೊರವನ್ನು ಕೊಡವಿದಳು. ಕಾಳು ನೆಲದ ಮೇಲೆಲ್ಲ ಚೆಲ್ಲಿತು. ಆ ಮುದುಕಿಯ ಕೈಯಿಂದ ಒಂದು ಕಾಳು ಚೆಲ್ಲಿದ್ದನ್ನು ನಾನು ಕಂಡಿರಲಿಲ್ಲ. ಅನುರಾಧಾ ಗೋಡೆಯ ಕಡೆ ತಿರುಗಿಯೇ ಬಿಕ್ಕಿದಳು. ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಹೊಂಡ ತೋಡುವ ದಿನ ಕಾಂತೇಶ ನನಗೆ ಫೋನು ಮಾಡಿ, "ಅಕ್ಕಾರ, ಬಂದು ನಿಲ್ರಿ, ಒಬ್ಬನ ಕೈಲೆ ಆಗೂದಿಲ್ಲ" ಅಂದ. ಹೋದೆ. ಜೆಸಿಬಿ ನಡೆಸುವವನು ಮನ್ಸೂರಅಲಿ, ಶಹಾಪುರದವನೇ, ನಿಧಾನದ ಮನುಷ್ಯ. ಕೇರಿಯಿಂದ ಒಬ್ಬರೂ ಬಂದಿರಲಿಲ್ಲ. ಕೇರಿಯ ಹಿತ್ತಲ ಬಾಗಿಲುಗಳೆಲ್ಲ ಮುಚ್ಚಿದ್ದವು. ಜೆಸಿಬಿಯ ಬಕೆಟ್ಟು ಕರಿ ಮಣ್ಣನ್ನು ಕಿತ್ತು ಕಿತ್ತು ಒಂದು ಕಡೆ ಹಾಕುತ್ತಿತ್ತು. ಸ್ವಲ್ಪ ಹೊತ್ತಿಗೆ ಮನ್ಸೂರಅಲಿ ಯಂತ್ರ ನಿಲ್ಲಿಸಿ ಕೆಳಗೆ ಇಳಿದ. ಗುಂಡಿಯೊಳಗೆ ಬಾಗಿ ನೋಡಿದ. ಚಪ್ಪಲಿ ಬಿಟ್ಟ.

"ಸಾಬ್, ಇಲ್ಲೇನೋ ಐತ್ರಿ. ಮಂದೀನ ಇಟ್ಟಂಗ ಕಾಣ್ತೈತಿ."

ಕಾಂತೇಶ ಗುಂಡಿಯ ಕಡೆ ನೋಡಲಿಲ್ಲ. ಬೇವಿನ ಮರದ ಕಡೆ ನೋಡಿದ. ಅಲ್ಲಿಂದ ಇಲ್ಲಿಗೆ ಎಷ್ಟು ಹೆಜ್ಜೆ ಎಂದು ಅವನ ಕಣ್ಣು ಅಳೆಯುತ್ತಿದ್ದುದು ನನಗೆ ಕಾಣುತ್ತಿತ್ತು.

"ಏನೂ ಇಲ್ಲ" ಅಂದ. "ಹೊಡಿ."

"ಸಾಬ್, ಗುನ್ಹಾ ಆಗ್ತೈತ್ರಿ."

"ಏನೂ ಇಲ್ಲಂದ್ನೆಲ್ಲ! ಹೊಡಿ!"

ಅವನು ಯಾರ ಮೇಲೂ ಹಾಗೆ ಕೂಗಿದವನಲ್ಲ. ಮನ್ಸೂರಅಲಿ ನನ್ನ ಮುಖ ನೋಡಿದ, ನಾನು ತಲೆ ತಗ್ಗಿಸಿದೆ. ಯಂತ್ರಕ್ಕೆ ಹತ್ತುವ ಮುಂಚೆ ಅವನು ತುಟಿಯೊಳಗೇ ಏನೋ ಓದಿಕೊಂಡ. ಆ ದಿನ ಆ ಮೂಲೆಯಲ್ಲಿ ಓದಿದ ಮಂತ್ರವೆಂದರೆ ಅದೊಂದೇ.

ತೆಗೆದ ಮಣ್ಣನ್ನು ಟಿಪ್ಪರಿನಲ್ಲಿ ಬೇರೆ ಕಡೆ ಸಾಗಿಸಲು ಕಾಂತೇಶ ಬಿಡಲಿಲ್ಲ. ಹೊಂಡದ ಸುತ್ತ ಒಡ್ಡು ಹಾಕಬೇಕು, ಮಣ್ಣು ಇಲ್ಲೇ ಬೇಕು ಎಂದು ಸಾವಕಾರರಿಗೆ ಸುಳ್ಳು ಹೇಳಿದ. ಅವನ ಕೈಲಾದದ್ದು ಅಷ್ಟೇ. ಸಂಜೆಗೆ ಹಣಮಮ್ಮ ಬಂದಳು. ಒಡ್ಡಿನ ಸುತ್ತ ಒಂದು ಸುತ್ತು ಹಾಕಿ ಮಗನ ಮುಂದೆ ನಿಂತಳು.

"ಇದರಾಗ ಯಾವ ಕಡಿ ಅದಾನಪಾ ಅವ?"

ಕಾಂತೇಶ ಒಡ್ಡನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಮುದುಕಿ ಕಾದಳು. ಆಮೇಲೆ ತನಗೆ ಹತ್ತಿರವಿದ್ದ ಜಾಗದಲ್ಲಿ ಒಡ್ಡಿನ ಮೇಲೆ ಕೈಯಿಟ್ಟಳು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ವರ್ಷ ಮಳೆ ಹುಚ್ಚೆದ್ದು ಹೊಡೆಯಿತು. ಹೊಂಡ ಸರಿಯಾಗಿಯೇ ಕೆಲಸ ಮಾಡಿತು. ಲೇಔಟಿನ ನೀರು, ಮೇಲಿನಿಂದ ಬಂದ ನೀರು ಎಲ್ಲ ಅಲ್ಲಿ ಇಳಿಯಿತು, ಕೇರಿಗೆ ಒಂದು ಹನಿಯೂ ಬರಲಿಲ್ಲ. ಅನುರಾಧಾಳ ಒಲೆ ಒಣಗಿಯೇ ಇತ್ತು. ಬೇರೆ ಊರಿನ ಇಂಜಿನಿಯರುಗಳು ನೋಡಲು ಬಂದು ಕಾಂತೇಶನ ಬೆನ್ನು ತಟ್ಟಿ ಹೋದರು. ಅವನು ಅವರೊಂದಿಗೆ ಇಳಿಜಾರಿನ ಲೆಕ್ಕ ಮಾತಾಡುತ್ತ ನಿಂತಿರುತ್ತಿದ್ದ, ನೀರಿನ ಕಡೆ ಬೆನ್ನು ಮಾಡಿಕೊಂಡು.

ಶ್ರಾವಣದಲ್ಲಿ ಹಣಮಮ್ಮ ತೀರಿಕೊಂಡಳು. ಜ್ವರ ಬಂತು, ಹೋಗಲಿಲ್ಲ. ಕೇರಿಯವರ ಆ ಮೂಲೆ ಆಗ ಪೂರ್ತಿ ನೀರಿನಡಿ ಇತ್ತು. ಸುದ್ದಿ ಕೇಳಿ ನಾನು ಹೋಗುವಷ್ಟರಲ್ಲಿ ಕಾಂತೇಶ ಶಹಾಪುರದ ತಹಸೀಲ್ದಾರರ ಕಚೇರಿಗೆ ಓಡಿದ್ದ, ಮಣ್ಣು ಕೊಡಲು ಎಲ್ಲಾದರೂ ಒಂದು ಜಾಗ ತೋರಿಸಿ ಎಂದು ಕೇಳಲು. ಅಲ್ಲಿದ್ದವರು ಕೆಟ್ಟವರಲ್ಲ. ಕೂರಿಸಿ ನೀರು ಕೊಟ್ಟರಂತೆ. ಅರ್ಜಿ ಕೊಡು, ನಿಮ್ಮ ಕೇರಿಗೆ ಜಾಗ ಹುಡುಕೋಣ, ಈವರೆಗೆ ಎಲ್ಲಿ ಮಣ್ಣು ಕೊಡುತ್ತಿದ್ದಿರಿ ಎಂದು ಕೇಳಿದರಂತೆ. ಅವನು ಎದ್ದು ಬಂದುಬಿಟ್ಟ.

ತಾಯಿಯ ತವರು ವನದುರ್ಗ. ಅಲ್ಲಿನ ಬಂಧುಗಳು ಫೋನಿನಲ್ಲಿ, ನಮ್ಮಲ್ಲಿಗೇ ತನ್ನಿರಿ ಅಂದರು. ನಮ್ಮ ಕಡೆ ಮದುವೆಯಾದ ಹೆಣ್ಣಿಗೆ ಗಂಡನ ಊರ ಮಣ್ಣೇ ಮಣ್ಣು. ಗಂಡ ಬಿಟ್ಟವಳು, ಅತ್ತೆ ಹೊರಗೆ ಹಾಕಿದವಳು ತವರಿನ ಮಣ್ಣಿಗೆ ಹೋಗುತ್ತಾಳೆ. ಹೆಣವನ್ನು ಟಾಟಾ ಏಸ್ ಗಾಡಿಗೆ ಏರಿಸುವಾಗ ಕೇರಿಯ ಹೆಂಗಸರು ಅದನ್ನೇ ಹಾಡಿ ಅತ್ತರು. ಯಾರೂ ಹೊರಗೆ ಹಾಕದಿದ್ದರೂ ಹೊರಗೆ ಹೊಂಟೆಯಲ್ಲೇ ಅಕ್ಕಾ ಎಂದು ಅತ್ತರು. ಕಾಂತೇಶ ತಾಯಿಯ ಕಾಲು ಹಿಡಿದುಕೊಂಡು ಗಾಡಿಯಲ್ಲಿ ಕೂತ. ಗಾಡಿ ಹೊಂಡದ ಪಕ್ಕದ ರಸ್ತೆಯಲ್ಲೇ ಹೋಗಬೇಕಿತ್ತು, ಬೇರೆ ದಾರಿ ಇರಲಿಲ್ಲ.

ವನದುರ್ಗದಲ್ಲಿ ಗುಂಡಿ ತೋಡಿ ಇಟ್ಟಿದ್ದರು. ಸಣ್ಣಗೆ ಮಳೆ ಜಿನುಗುತ್ತಿತ್ತು. ಗುಂಡಿಯ ತಳದಲ್ಲಿ ನೀರು ಒಸರಿ ನಿಂತಿತ್ತು. ಇಬ್ಬರು ಅದನ್ನು ತಂಬಿಗೆಯಿಂದ ತೋಡಿ ತೋಡಿ ಹೊರಗೆ ಚೆಲ್ಲುತ್ತಿದ್ದರು. ಹಣಮಮ್ಮನನ್ನು ಇಳಿಸಿದರು. ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದೆವು, ಗುಂಡಿ ಮುಚ್ಚಿತು. ಆಗ ಕಾಂತೇಶ ತಲೆಯೆತ್ತಿ ಮೊದಲ ಸಲ ಸುತ್ತಲಿನ ನೆಲವನ್ನು ನೋಡಿದ. ಮೇಲೆ ಊರಿನ ಮನೆಗಳು, ಅಲ್ಲಿಂದ ಇಳಿದು ಬರುವ ರಸ್ತೆ, ರಸ್ತೆಯ ಬದಿಗೆ ಹರಿದು ಬರುವ ಗಟಾರ. ನಾನೂ ನೋಡಿದೆ. ಲೆವೆಲ್ ಯಂತ್ರವೇನೂ ಬೇಕಾಗಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಮುದುಕನನ್ನು ಅವನು ಕೇಳಿದ, "ಯಜ್ಜಾ, ಮಳಿ ಜೋರ್ ಬಂದ್ರ ಊರ ನೀರು ಎಲ್ಲಿಗೆ ಹೋಗ್ತೈತಿ?"

"ಇಲ್ಲಿಗೇ ಬರ್ತೈತೆಪಾ" ಅಂದ ಮುದುಕ. "ಮತ್ತೆಲ್ಲಿ ಹೋಗ್ತೈತಿ?"

ಕಾಂತೇಶ ಮೊಣಕಾಲೂರಿ ಕೂತ. ತಾಯಿಯ ಮೇಲಿನ ಮಣ್ಣನ್ನು ಎರಡೂ ಕೈಯಿಂದ ಬಳಿದು ಎತ್ತರಿಸತೊಡಗಿದ. ಸಾಕೋ, ಸಾಕು ಎಂದು ಎಲ್ಲರೂ ಹೇಳಿದರು. ಅವನು ಬಳಿಯುತ್ತಲೇ ಇದ್ದ.